ಹಾಲಿಸ್ ಟ್ರೆಡ್‌ವೇಯ ಎಣಿಕೆ ಗೇಟು

ನಮ್ಮ ಪೈನಿ ಫೋರ್ಕ್ ಎಷ್ಟು ಸಣ್ಣ ಊರೆಂದರೆ, ಒಂದು ತುದಿಯಲ್ಲಿ ಸೀನಿದರೆ ಇನ್ನೊಂದು ತುದಿಯವರು ಮೂಗು ಒರೆಸಿಕೊಳ್ಳುತ್ತಾರೆ. ಆದರೂ ಪೂರ್ವ ಟೆಕ್ಸಸ್ಸಿನ ಈ ಮೂಲೆಯಲ್ಲಿ ಸರ್ಕಾರ ಅದ್ಯಾವ ಕಾಲದಲ್ಲೋ ಒಂದು ಫೆಡರಲ್ ಕೋರ್ಟು ಕಟ್ಟಿಸಿಬಿಟ್ಟಿತು. ಜಗತ್ತಿನಲ್ಲಿ ಯಾರು ಯಾರ ಯೋಚನೆಯನ್ನು ಕದ್ದರೂ ಜಗಳ ತೀರಿಸಿಕೊಳ್ಳಲು ಇಲ್ಲಿಗೇ ಬರುತ್ತಾರೆ. ನಮ್ಮ ಕೋರ್ಟು ಚುರುಕು, ನ್ಯಾಯಾಧೀಶರಿಗೆ ಗಡುವೆಂದರೆ ಗಡುವು, ಜ್ಯೂರಿಯಲ್ಲಿ ಕೂರುವ ರೈತರಿಗೆ ತಲೆ ಓಡಿಸಿ ಏನನ್ನಾದರೂ ಮಾಡಿದವನ ಮೇಲೆ ಮರುಕ. ಪೇಟೆಂಟು ಮೊಕದ್ದಮೆಯ ಸುಗ್ಗಿಯಲ್ಲಿ ಕಪ್ಪು ಕೋಟಿನ ಲಾಯರುಗಳು ಹೇಗೆ ಇಳಿಯುತ್ತಿದ್ದರೆಂದರೆ, ಇನ್ನು ಇಲ್ಲಿ ನಮಗೆ ಜಾಗವಿಲ್ಲವೆಂದು ಊರಿನ ಕಾಗೆಗಳು ಲೂಸಿಯಾನಾಕ್ಕೆ ವಲಸೆ ಹೋದವು. ನಮ್ಮಲ್ಲಿ ಹುಟ್ಟಿದ ಕೂಸು ಅಮ್ಮ ಅನ್ನುವುದಕ್ಕೆ ಮೊದಲು ಅಬ್ಜೆಕ್ಷನ್ ಅನ್ನುತ್ತಿತ್ತು. ನಾನೇ ಕೇಳಿದ್ದೇನೆ.

ಪೊಲೀಸು ಕೆಲಸದಿಂದ ನಿವೃತ್ತನಾದ ಮೇಲೆ ಆ ಕೋರ್ಟಿನ ಬಾಗಿಲು ಕಾಯುವುದು ನನ್ನ ಕೆಲಸವಾಗಿತ್ತು. ಒಳಗೆ ಹೋಗುವವರ ಜೇಬಿನ ಚಾಕು, ಚಿಲ್ಲರೆ, ಬೀಗದ ಕೈಗಳನ್ನು ತಟ್ಟೆಗೆ ಹಾಕಿಸುವುದು, ಆಮೇಲೆ ವಿಚಾರಣೆಯ ಕೋಣೆಯ ಹಿಂದೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು. ಮೊಬೈಲು ಫೋನಿಂದ ಹಿಡಿದು ಮೂತ್ರದ ಕಲ್ಲು ಪುಡಿಮಾಡುವ ಯಂತ್ರದವರೆಗೆ ಎಲ್ಲದರ ಜಗಳ ಕೇಳಿದೆ. ಅವೆಲ್ಲ ಮರೆತುಹೋಗಿವೆ. ಹಾಲಿಸನದು ಮಾತ್ರ ಮರೆಯುವುದಿಲ್ಲ, ಯಾಕೆಂದರೆ ಅಲ್ಲಿ ವಾದಿ ನಮ್ಮವನೇ, ಸಾಕ್ಷಿಗಳೂ ನಮ್ಮವರೇ.

ಹಾಲಿಸ್ ಟ್ರೆಡ್‌ವೇಗೆ ರೈಲು ಹಳಿಯ ಆಚೆ ಒಂದು ವೆಲ್ಡಿಂಗ್ ಷಾಪು. ಮಾತು ಕಡಿಮೆ. ಅವನು ಮದುವೆಯಲ್ಲಿ 'ಒಪ್ಪಿದ್ದೇನೆ' ಅಂದದ್ದೇ ಆ ವರ್ಷದ ದೊಡ್ಡ ಭಾಷಣ ಎಂದು ಹೆಂಡತಿ ನೆಲ್ಡಾ ಹೇಳುತ್ತಿದ್ದಳು. ಮುರಿದದ್ದು ಏನೇ ತಂದರೂ ಸುತ್ತ ಒಂದು ಸಲ ನಡೆದು, ಗಲ್ಲ ಕೆರೆದುಕೊಂಡು, "ನಾಳೆ ಬಾ" ಅನ್ನುವನು. ಸ್ನೇಹಿತರ ಕೈಯಿಂದ ಕಾಸು ಮುಟ್ಟುತ್ತಿರಲಿಲ್ಲ. ಅಂಥವನಿಗೆ ಬಿಲ್ಲು ಬರೆದುಕೊಟ್ಟರೆ ಬೈದಂತೆ ಅನ್ನುವ ಜನ ನಮ್ಮದು.

ನಮ್ಮ ಕಡೆ ಕಾಡುಹಂದಿಯ ಕಾಟ ಹೇಳತೀರದು. ಒಂದು ಹಿಂಡು ಇಳಿದು ಹೋದರೆ ಹುಲ್ಲುಗಾವಲು ಟ್ರ್ಯಾಕ್ಟರು ಹೊಡೆದಂತಾಗುತ್ತದೆ. ಒಂದು ಸಲ ಹೈಸ್ಕೂಲಿನ ಫುಟ್ಬಾಲ್ ಮೈದಾನವನ್ನು ಅವು ಎಷ್ಟು ನೀಟಾಗಿ ಉತ್ತಿದ್ದವೆಂದರೆ, ಆಟ ಬಿಟ್ಟು ಕಲ್ಲಂಗಡಿ ಬಿತ್ತೋಣವೇ ಎಂದು ಕೋಚು ಕೇಳಿದ. ಬೋನು ಇಟ್ಟರೆ ಮೊದಲ ಮರಿ ನುಗ್ಗಿದ ಕೂಡಲೇ ಗೇಟು ಬೀಳುತ್ತದೆ. ಹೊರಗೆ ನಿಂತ ತಾಯಿ ಹಂದಿ ಅದನ್ನು ನೋಡಿ ಪಾಠ ಕಲಿತು, ಮತ್ತೆ ಸಾಯುವತನಕ ಬೋನಿನ ಹತ್ತಿರ ಸುಳಿಯುವುದಿಲ್ಲ. ನೆಲ್ಡಾಳ ಗೆಣಸಿನ ಪಾತಿಯನ್ನು ಎರಡು ಸಲ ಅವು ಮುಗಿಸಿದ ಮೇಲೆ ಹಾಲಿಸ್ ಷಾಪಿನ ಬಾಗಿಲು ಹಾಕಿಕೊಂಡು ಕೂತ. ಹೊರಗೆ ಬಂದದ್ದು ಈ ಗೇಟು. ಹೊಸ್ತಿಲಲ್ಲಿ ಒಂದು ತುಳಿ ಹಲಗೆ. ಪ್ರತಿ ಹಂದಿ ತುಳಿದಾಗಲೂ ಮೇಲಿನ ಹಲ್ಲು ಗಾಲಿ ಒಂದೇ ಒಂದು ಹಲ್ಲು ಜಾರುತ್ತದೆ. ಹಿಂಡಿನಲ್ಲಿ ಎಷ್ಟಿವೆಯೆಂದು ಹೆಜ್ಜೆ ನೋಡಿ ಗಾಲಿಯನ್ನು ಅಷ್ಟಕ್ಕೆ ಇಟ್ಟರೆ, ಕೊನೆಯ ಹಂದಿ ಒಳಗೆ ಬರುವ ತನಕ ಗೇಟು ಸಭ್ಯನಂತೆ ಕಾದು, ಆಮೇಲೆ ಧೊಪ್ಪನೆ ಬೀಳುತ್ತದೆ. ನಾವು ಅದಕ್ಕೆ ಎಣಿಕೆ ಗೇಟು ಅಂದೆವು. ಊರಿನ ಅರ್ಧ ಜನಕ್ಕಿಂತ ಆ ಗೇಟಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು.

ಗೇಟು ಆದದ್ದು ಒಂದು ಶರತ್ಕಾಲದಲ್ಲಿ. ಮೊದಲನೆಯದನ್ನು ಒಯ್ದವನು ರಾಯ್ಸ್ ಮೇಬ್ರಿ, ಹಾಲಿಸನ ಬಾಲ್ಯದ ಗೆಳೆಯ. ಅದೇ ಚಳಿಗಾಲದಲ್ಲಿ ನೆಲ್ಡಾಳ ಒತ್ತಾಯಕ್ಕೆ ಹಾಲಿಸ್ ಪೇಟೆಂಟಿಗೆ ಅರ್ಜಿ ಹಾಕಿದ. ಪೇಟೆಂಟು ಬಂತು. ಅದರ ಹಿಂದೆಯೇ ಒಂದು ದೊಡ್ಡ ಬೇಲಿ ಕಂಪನಿಯ ಇಬ್ಬರು ಬಂದು, ಷಾಪಿನಲ್ಲಿ ನೆಲ್ಡಾ ಕೊಟ್ಟ ಸಿಹಿ ಚಹಾ ಕುಡಿದು, ಗೇಟನ್ನು ಹೊಗಳಿ, ಫೋಟೋ ತೆಗೆದುಕೊಂಡು ಹೋದರು. ಮರುವರ್ಷ ಆ ಕಂಪನಿಯ ಗೇಟು ಅಂಗಡಿಗೆ ಬಂತು: ಅದೇ ಹಲ್ಲು ಗಾಲಿ, ಅದೇ ತುಳಿ ಹಲಗೆ, ಮೇಲೊಂದು ಹಸಿರು ಬಣ್ಣ, 'ನಮ್ಮ ಇಂಜಿನಿಯರುಗಳ ಹೊಸ ಶೋಧ' ಎಂಬ ಫಲಕ!

ಊರಿನ ಲಾಯರು ಕೊರಿನ್ ಬ್ಯಾಟಲ್ ಹತ್ತಿರ ಹಾಲಿಸ್ ಹೋದ. ಎಷ್ಟು ಪರಿಹಾರ ಕೇಳೋಣ ಎಂದು ಆಕೆ ಕೇಳಿದ್ದಕ್ಕೆ ಹೇಳಿದ್ದು ಇಷ್ಟು:

"ಅದನ್ನ ನೀವು ನೋಡ್ಕೊಳ್ಳಿ ಮೇಡಂ. ಆ ಫಲಕ ತೆಗೀಬೇಕು. ಗೇಟು ನಂದು ಅಂತ ಅವ್ರ ಬಾಯಲ್ಲೇ ಬರ್ಬೇಕು."

ರಾಯ್ಸ್ ಮೇಬ್ರಿಯ ವಿಷಯ ಸ್ವಲ್ಪ ಹೇಳಬೇಕು. ಹಾಲಿಸ್ ನುಂಗಿದ ಮಾತುಗಳೆಲ್ಲ ಇವನ ಬಾಯಿಂದ ಬರುತ್ತಿದ್ದವು. ಫ್ರೀಡಾಳ ಕೆಫೆಯ ಉದ್ದ ಮೇಜಿನಲ್ಲಿ ದಿನಾ ಬೆಳಿಗ್ಗೆ ಕಾಫಿ, ಡಾಮಿನೋ, ರಾಯ್ಸನ ಬೊಗಳೆ. ಅವನು ಹಿಡಿದ ಮೀನನ್ನು ಎತ್ತಿದ ಮೇಲೆ ಕೆರೆಯ ನೀರು ಮೊಣಕಾಲಿಗಿಳಿಯಿತು. ಅವನ ನಾಯಿ ಸತ್ತಮೇಲೂ ಒಂದು ವಾರ ಮೊಲ ಹಿಡಿದು ತಂದಿತು. ಯಾರೂ ನಂಬುತ್ತಿರಲಿಲ್ಲ, ಯಾರೂ ಎದ್ದು ಹೋಗುತ್ತಲೂ ಇರಲಿಲ್ಲ. ಬೊಗಳೆಯಲ್ಲಿ ನಾನೂ ಕಡಿಮೆಯವನಲ್ಲ, ಆದರೆ ರಾಯ್ಸನ ಮುಂದೆ ನಾನು ಸತ್ಯಹರಿಶ್ಚಂದ್ರ.

ಅವನ ದೊಡ್ಡ ಕಥೆ ಚರ್ಚಿನ ಹಂದಿಯದು. ನಮ್ಮ ಬ್ಯಾಪ್ಟಿಸ್ಟ್ ಚರ್ಚಿಗೆ ಹೊಸ ಊಟದ ಭವನ ತೆರೆದ ದಿನ ರಾಯ್ಸ್ ಒಂದು ಭಾರಿ ಕಾಡುಹಂದಿ ತಂದುಕೊಟ್ಟಿದ್ದ. ಇಡೀ ಸಭೆ ಉಂಡು ಕೈ ತೊಳೆದಿತ್ತು. ಅದು ಗೇಟು ಹುಟ್ಟುವುದಕ್ಕೆ ಒಂದೂವರೆ ವರ್ಷ ಹಿಂದಿನ ವಸಂತ. ಭವನದ ಗೋಡೆಯ ಕಲ್ಲಿನಲ್ಲಿ ತಾರೀಖು ಕೆತ್ತಿದೆ. ಆ ಹಂದಿ ಸತ್ತದ್ದು ರಾಯ್ಸನ ಪಿಕಪ್ಪಿನಡಿ. ಬೆಳಿಗ್ಗೆ ಬರುತ್ತಿದ್ದಾಗ ಅಡ್ಡ ಬಂತು, ಗುದ್ದಿದ. ಚರ್ಚಿಗೆ ಗಾಡಿಗೆ ಸಿಕ್ಕ ಹಂದಿ ಕೊಟ್ಟೆ ಅನ್ನಲು ನಾಚಿಕೆಯಾಗಿ ಬಂದೂಕಿನಲ್ಲಿ ಹೊಡೆದೆ ಅಂದ. ನಿಜ ಗೊತ್ತಿದ್ದದ್ದು ಹಾಲಿಸನೊಬ್ಬನಿಗೇ. ನೆಗ್ಗಿದ ಬಂಪರನ್ನು ಆ ದಿನವೇ ನೆಟ್ಟಗೆ ಮಾಡಿಕೊಟ್ಟವನು ಅವನು. ಕಾಸು ಮುಟ್ಟಲಿಲ್ಲ, ಬಾಯಿಯನ್ನೂ ಬಿಡಲಿಲ್ಲ.

ಮುಂದೆ ಎಣಿಕೆ ಗೇಟು ಹೆಸರುವಾಸಿಯಾದಾಗ ರಾಯ್ಸನ ಕಥೆಯಿಂದ ಬಂದೂಕು ಮಾಯವಾಗಿ ಗೇಟು ಬಂತು. ಚರ್ಚಿನ ಹಂದಿ ಸಿಕ್ಕಿದ್ದೇ ಹಾಲಿಸನ ಗೇಟಿನಲ್ಲಿ, ಜಗತ್ತಿನಲ್ಲಿ ಅದರಿಂದ ಮೊದಲು ಹಂದಿ ಹಿಡಿದವನು ತಾನೇ! ಆ ಹಂದಿ ತಿಂದಿದ್ದ ಕೆಫೆ ಮೇಜಿನವರಿಗೂ ಈ ಕಥೆ ಹಿಡಿಸಿತು. ಚರ್ಚಿನ ಹಿರಿಯ ಡೀಕನ್ ಲಮಾರ್ ಅಂತೂ ತಾನೇ ಗೇಟಿನ ಪಕ್ಕ ನಿಂತು ಹಂದಿ ನೋಡಿದ್ದಾಗಿ ಹೇಳತೊಡಗಿದ. ಇತಿಹಾಸ ನಡೆದಾಗ ತಾನು ಅಲ್ಲಿರಲಿಲ್ಲ ಎಂದು ಒಪ್ಪಲು ಯಾರಿಗೆ ಮನಸ್ಸಿರುತ್ತದೆ? ಹಾಲಿಸನ ಕಿವಿಗೂ ಬಿತ್ತು. ನಕ್ಕು ಸುಮ್ಮನಾದ. ಗೆಳೆಯನ ಬೊಗಳೆಗೆ ಎದುರು ಹೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಕಾನೂನು ಮಾತ್ರ ಬೇರೆ ಥರ ಕೇಳಿಸಿಕೊಳ್ಳುತ್ತದೆ. ಅರ್ಜಿ ಹಾಕುವುದಕ್ಕೆ ಒಂದು ವರ್ಷಕ್ಕಿಂತ ಹಿಂದೆಯೇ ನಿನ್ನ ವಸ್ತುವನ್ನು ನಾಲ್ಕು ಜನರ ನಡುವೆ ಬಳಸಿದ್ದರೆ ಪೇಟೆಂಟು ಸತ್ತಂತೆ. ನಮ್ಮ ಕೋರ್ಟಿನ ನಿಯಮದ ಪ್ರಕಾರ, ಪೇಟೆಂಟು ಕೊಲ್ಲಲು ಹೊರಟವರು ತಮ್ಮ ಆಯುಧ ಯಾವುದು, ಯಾರು, ಎಲ್ಲಿ, ಯಾವಾಗ ಬಳಸಿದ್ದು ಎಂದು ಗಡುವಿನೊಳಗೆ ಬಿಚ್ಚಿ ಹೇಳಬೇಕು. ಆಮೇಲೆ ನೆನಪಾಯಿತು ಅಂದರೆ ನಡೆಯುವುದಿಲ್ಲ. ಗಡುವು ಹತ್ತಿರ ಬಂದರೂ ಕಂಪನಿಯವರ ಕೈ ಖಾಲಿ. ಅವರ ಲಾಯರು, ಹಾಲು ಗಲ್ಲದ ವಿನಯವಂತ, ಒಂದು ಬೆಳಿಗ್ಗೆ ಫ್ರೀಡಾಳ ಕೆಫೆಯಲ್ಲಿ ಪೆಕನ್ ಪೈ ತಿನ್ನುತ್ತ ಕೂತಿದ್ದ. ಕೇಳುವ ಹೊಸ ಕಿವಿ ಸಿಕ್ಕಿದ್ದೇ ರಾಯ್ಸ್ ಕುರ್ಚಿ ಎಳೆದುಕೊಂಡ.

"ಕೋರ್ಟಿಗೆ ಬಂದಿದೀರಾ? ಹಂದಿ ಗೇಟಿನ ಕೇಸಾ? ಅಯ್ಯೋ, ನೀವು ಕೇಳ್ಬೇಕಾದ ಮನುಷ್ಯನ ಮುಂದೇನೇ ಕೂತಿದೀರಿ ಸ್ವಾಮಿ!"

ಫ್ರೀಡಾ ಕಾಫಿ ಸುರಿಯುತ್ತಲೇ ಅವನ ಭುಜ ತಿವಿದಳಂತೆ. "ಬಾಯಿ ಮುಚ್ಕೊಂಡು ಮೊಟ್ಟೆ ತಿನ್ನು, ರಾಯ್ಸ್." ಅವನು ಮೊಟ್ಟೆಯನ್ನೂ ತಿಂದ, ಕಥೆಯನ್ನೂ ಹೇಳಿದ. ಆ ಲಾಯರು ಇನ್ನೊಂದು ತುಂಡು ಪೈ ತರಿಸಿಕೊಂಡ.

ಕಂಪನಿಯವರು ಗಡುವಿನೊಳಗೆ ಕೊಟ್ಟ ಹೇಳಿಕೆಯಲ್ಲಿ ರಾಯ್ಸನ ಹೆಸರು, ಚರ್ಚಿನ ಭವನದ ತಾರೀಖು ಎರಡೂ ಇದ್ದವು. ಕೊರಿನ್ ಅದನ್ನು ಹೇಳಿದಾಗ ಹಾಲಿಸ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ರಾಯ್ಸನ ಕಥೆ ನಂಬ್ಕೊಂಡ್ರಾ ಅವ್ರು? ಪಾಪ, ಅಷ್ಟು ದೊಡ್ಡ ಲಾಯರು!"

"ನಗಬೇಡಿ, ಟ್ರೆಡ್‌ವೇ ಅವರೇ. ಪ್ರಮಾಣ ಮಾಡಿ ಅವರು ಇದನ್ನೇ ಹೇಳಿದ್ರೆ?"

"ಬೈಬಲ್ ಮುಟ್ಟಿ ಸುಳ್ಳು ಹೇಳ್ತಾನಾ? ನನ್ನ ಮೇಲೆ? ಅವನು ನನ್ನ ಮದುವೇಲಿ ಪಕ್ಕದಲ್ಲಿ ನಿಂತವನು ಮೇಡಂ."

ಹೋಗಿ ರಾಯ್ಸನಿಗೆ ಒಂದು ಮಾತು ಹೇಳು ಎಂದು ನೆಲ್ಡಾ ಗೋಗರೆದಳು. ಹಾಲಿಸ್ ಹೋಗಲಿಲ್ಲ. ನಿಜ ಹೇಳಪ್ಪ ಎಂದು ಗೆಳೆಯನನ್ನು ಕೇಳಿಕೊಳ್ಳುವುದೇ ಅವನಿಗೆ ಅವಮಾನ ಅಂದ.

ವಿಚಾರಣೆಗೆ ಮೊದಲು ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವ ಕ್ರಮವಿದೆ. ಹೆದ್ದಾರಿ ಪಕ್ಕದ ಹೋಟೆಲಿನ ಒಂದು ಕೋಣೆಯಲ್ಲಿ ರಾಯ್ಸನಿಂದ ಪ್ರಮಾಣ ಮಾಡಿಸಿ ಬರೆದುಕೊಂಡರು. ಕೊರಿನ್ ಕೆಂಪು ಮುಖ ಮಾಡಿಕೊಂಡು ಹೊರಗೆ ಬಂದು ನೇರ ಷಾಪಿಗೆ ಹೋದಳು. ಸ್ವಲ್ಪ ಹೊತ್ತಿಗೆ ಹಾಲಿಸನ ಪಿಕಪ್ಪು ರಾಯ್ಸನ ಅಂಗಳದಲ್ಲಿತ್ತು. ರಾಯ್ಸನ ಪಕ್ಕದ ಮನೆ ನನ್ನದು. ಬೇಲಿಯ ಈಚೆ ಟೊಮೆಟೊ ಗಿಡಕ್ಕೆ ನೀರು ಬಿಡುತ್ತಿದ್ದ ನಾನು ಕೇಳಬಾರದೆಂದುಕೊಂಡು ಎಲ್ಲವನ್ನೂ ಕೇಳಿದೆ.

"ಗೇಟಲ್ಲಿ ಹಿಡಿದೆ ಅಂತ ಅಂದ್ಯಂತೆ."

"ಜಾರ್‌ಬಿಡ್ತು ಕಣೋ, ಹಾಲಿಸ್."

"ಜಾರೋಕೆ ಅದೇನು ಸೋಪೇನೋ? ಪ್ರಮಾಣ ಮಾಡಿದ್ದೆ ನೀನು!"

"ಅಲ್ಲೊಂದು ಹುಡುಗಿ ಕೂತಿದ್ಲು, ನಾನಂದಿದ್ದನ್ನೆಲ್ಲ ಟಕಟಕ ಅಂತ ಬರ್ಕೊಳ್ತಾ ಇದ್ಲು. ಕೆಮ್ಮಿದ್ರೆ ಕಾದು ಕೂರೋಳು. ನನ್ನ ಜನ್ಮದಲ್ಲಿ ನನ್ನ ಮಾತನ್ನ ಯಾರಾದ್ರೂ ಬರ್ಕೊಂಡಿದಾರೇನೋ? ಶುರು ಮಾಡಿದ್ಮೇಲೆ ನಿಲ್ಸೋಕಾಗ್ಲಿಲ್ಲ."

"ಹಂದಿ ಸತ್ತಿದ್ದು ನಿನ್ನ ಪಿಕಪ್ಪಿನಡಿ, ರಾಯ್ಸ್."

"ಗೊತ್ತಪ್ಪ. ಮೆಲ್ಲಗೆ ಮಾತಾಡು, ಆ ಮುದುಕ ಬೇಲಿ ಹತ್ರಾನೇ ಇದಾನೆ. ಕೋರ್ಟಲ್ಲಿ ಸರಿ ಮಾಡ್ತೀನಿ. ತಪ್ಪಾಗಿ ಹೇಳಿದ್ದೆ ಅಂತೀನಿ. ಸರೀನಾ?"

"ಮಾತು ಕೊಡು."

"ಕೊಟ್ಟೆ ಕಣೋ. ನನ್ನ ನಾಯಿ ಮೇಲಾಣೆ."

"ಆ ನಾಯಿ ಸತ್ತು ಯಾವ ಕಾಲ ಆಯ್ತು?"

ಇಬ್ಬರೂ ನಕ್ಕರು. ಹಾಲಿಸ್ ಅವನ ಬೆನ್ನು ತಟ್ಟಿ ಹೋದ. ನಾನು ನೀರು ನಿಲ್ಲಿಸುವುದನ್ನು ಮರೆತು ಟೊಮೆಟೊ ಗಿಡಗಳಿಗೆ ಈಜು ಕಲಿಸುತ್ತಿದ್ದೆ.

ವಿಚಾರಣೆಯ ದಿನ ನಮ್ಮ ಕೋಣೆ ಚರ್ಚಿನ ಹಬ್ಬದಂತೆ ತುಂಬಿತ್ತು. ಜ್ಯೂರಿಯಲ್ಲಿ ಕೂತವರು ಅಕ್ಕಪಕ್ಕದ ಕೌಂಟಿಗಳ ಅಪರಿಚಿತರು. ನಮ್ಮೂರಲ್ಲಿ ಹಾಲಿಸನನ್ನು ಅರಿಯದವನು ಸಿಕ್ಕಬೇಕಲ್ಲ. ಮೊದಲ ದಿನ ಹಾಲಿಸ್ ತನ್ನ ಗೇಟಿನ ಕಥೆ ಹೇಳಿದ. ಹಲ್ಲು ಗಾಲಿಯನ್ನು ಕೈಯಲ್ಲಿ ತಿರುಗಿಸಿ ತೋರಿಸುವಾಗ ಜ್ಯೂರಿಯ ಹೆಂಗಸೊಬ್ಬಳು ಕುತ್ತಿಗೆ ಮುಂದೆ ಚಾಚಿ ನೋಡಿದಳು. ನೆಲ್ಡಾ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ಗೆದ್ದೆವು ಅಂದುಕೊಂಡೆ.

ಎರಡನೆಯ ದಿನ ಕಂಪನಿಯವರು ಮೊದಲು ಕರೆದದ್ದು ಡೀಕನ್ ಲಮಾರನನ್ನು. ಭಾನುವಾರದ ಕೋಟು, ಪಾಲಿಷ್ ಬೂಟು. ಚರ್ಚಿನ ಭವನ ತೆರೆದ ದಿನ ಹಂದಿ ತಿಂದಿರಾ ಎಂದು ಆ ಹಾಲು ಗಲ್ಲದವನು ಕೇಳಿದ. ತಿಂದೆ. ಅದು ಎಲ್ಲಿ ಸಿಕ್ಕಿದ್ದು? ಲಮಾರ್ ಒಮ್ಮೆ ಹಾಲಿಸನ ಕಡೆ ನೋಡಿ, ಥಟ್ಟನೆ ಕಣ್ಣು ತೆಗೆದು, "ಎಣಿಕೆ ಗೇಟಲ್ಲಿ ಸರ್. ನಾನೇ ಪಕ್ಕದಲ್ಲಿ ನಿಂತು ನೋಡಿದೀನಿ," ಅಂದ. ಕಾಫಿ ಮೇಜಿನ ಮೇಲೆ ಹೇಳಿ ಹೇಳಿ ಅವನಿಗೆ ಅದು ನಿಜವೇ ಆಗಿಹೋಗಿತ್ತೋ, ಊರೆಲ್ಲ ಕೇಳಿದ ಮೇಲೆ ಇಲ್ಲ ಅನ್ನಲು ಬಾಯಿ ಬರಲಿಲ್ಲವೋ, ದೇವರೇ ಬಲ್ಲ. ದೇವರ ಕೆಲಸವನ್ನೆಲ್ಲ ಆ ಚರ್ಚಿನಲ್ಲಿ ನೋಡಿಕೊಳ್ಳುವವನೂ ಅವನೇ.

ಆಮೇಲೆ ರಾಯ್ಸ್. ಸಾಕ್ಷಿಗಳನ್ನು ಹೊರಗೆ ಕೂರಿಸಿರುತ್ತಾರೆ, ಬಾಗಿಲು ತೆಗೆದು ಕರೆದವನು ನಾನು. ಅವನು ಹೊಸ್ತಿಲಲ್ಲೇ ನಿಂತು, "ಲಮಾರ್ ಏನಂದ?" ಎಂದು ಪಿಸುಗುಟ್ಟಿದ. ಹೇಳುವಂತಿಲ್ಲ ಅಂದೆ. ಆದರೆ ನನ್ನ ಮುಖ ನನ್ನ ಮಾತು ಕೇಳಬೇಕಲ್ಲ. ಓದಿಕೊಂಡುಬಿಟ್ಟ.

ಗೇಟಿನ ಪ್ರಶ್ನೆ ಬಂದಾಗ ಅವನು ಹಾಲಿಸನ ತಲೆಯ ಮೇಲಿನ ಗಡಿಯಾರ ನೋಡುತ್ತ ಕಥೆ ಹೇಳಿದ. ಯಾವತ್ತೂ ಹೇಳುವ ಹಾಗಲ್ಲ. ಹಂದಿಯ ಕೋರೆ ಉದ್ದವಾಗಲಿಲ್ಲ, ಪಿಕಪ್ಪು ಭಾರಕ್ಕೆ ಮುಂದಿನ ಗಾಲಿ ಎತ್ತಲಿಲ್ಲ, ಅವನ ಜನ್ಮದಲ್ಲೇ ಅಷ್ಟು ಸಪ್ಪೆ ಕಥೆ ಹೇಳಿರಲಿಲ್ಲ. ಅದಕ್ಕೇ ಇರಬೇಕು, ಅಪರಿಚಿತರಿಗೆ ಅದು ನಿಜದಂತೆ ಕೇಳಿಸಿತು. ಹಾಲಿಸ್ ಕಾಯುತ್ತಿದ್ದ. ಈಗ ಸರಿ ಮಾಡುತ್ತಾನೆ, ಈಗ ಮಾಡುತ್ತಾನೆ ಎಂದು ಅವನ ದವಡೆ ಬಿಗಿದು ಬಿಗಿದು ಸಡಿಲವಾಗುವುದು ಗೋಡೆಯ ಹತ್ತಿರಕ್ಕೂ ಕಾಣುತ್ತಿತ್ತು.

ಕೊರಿನ್ ಎದ್ದಳು.

"ಮೇಬ್ರಿ ಅವರೇ, ಆ ಹಂದಿ ನಿಮ್ಮ ಪಿಕಪ್ಪಿಗೆ ಸಿಕ್ಕಿ ಸತ್ತಿದ್ದು, ಹೌದೋ ಅಲ್ಲವೋ?"

"ಅಲ್ಲ ಮೇಡಂ."

"ಅದೇ ದಿನ ನೆಗ್ಗಿದ ಬಂಪರನ್ನ ಟ್ರೆಡ್‌ವೇ ಅವರ ಷಾಪಿಗೆ ತಗೊಂಡು ಹೋಗಿದ್ರಿ. ಅವರು ರಿಪೇರಿ ಮಾಡಿಕೊಟ್ರು. ಇದಾದ್ರೂ ನಿಜ ತಾನೆ?"

ರಾಯ್ಸ್ ನಾಲಗೆಯಿಂದ ತುಟಿ ಒದ್ದೆ ಮಾಡಿಕೊಂಡ. ಆಗ ಮೊದಲ ಸಲ ಹಾಲಿಸನ ಮುಖ ನೋಡಿದ.

"ಬಂಪರು... ಹಾಲಿಸ್ ನಂಗೆ ಎಷ್ಟೋ ಸಲ ಎಷ್ಟೋ ರಿಪೇರಿ ಮಾಡಿಕೊಟ್ಟಿದಾನೆ ಮೇಡಂ. ಆ ದಿನದ್ದು ನಂಗೆ ನೆನಪಿಲ್ಲ."

ಬೆಕ್ಕು ಯಾವ ಮಂಗಳವಾರ ಮರಿ ಹಾಕಿತೆಂದು ಹೇಳುವ ಮನುಷ್ಯ. ಅವನಿಗೆ ನೆನಪಿಲ್ಲವಂತೆ! ಯಾರ ಹೊಟ್ಟೆಗೋ ಒದ್ದಾಗ ಬರುವಂಥ ಸದ್ದು ಬಂತು. ಹಾಲಿಸನದೋ ನೆಲ್ಡಾಳದೋ ಗೊತ್ತಾಗಲಿಲ್ಲ.

ಹಾಲಿಸನನ್ನು ಮತ್ತೆ ಕಟಕಟೆಗೆ ಕರೆದರು. ಬಂಪರಿನ ಸಂಗತಿ ಹೇಳಿದ. ಕಂಪನಿಯ ಲಾಯರು ಬಹಳ ವಿನಯದಿಂದ ಹತ್ತಿರ ಬಂದ.

"ಆ ರಿಪೇರಿಗೆ ಬಿಲ್ಲು ಬರೆದಿದ್ರಾ ಸರ್?"

"ಇಲ್ಲ."

"ರಸೀದಿ? ಚೆಕ್ಕು? ನೋಡಿದವರು?"

"ಇಲ್ಲ. ಅವನು ನನ್ನ ಸ್ನೇಹಿತ."

"ಅಂದ್ರೆ ನಿಮ್ಮ ಮಾತೊಂದೇ."

ಹಾಲಿಸ್ ಕಟಕಟೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಉತ್ತರ ಹೇಳಬೇಕು, ಟ್ರೆಡ್‌ವೇ ಅವರೇ," ಅಂದರು.

"ನಿನ್ನೆವರೆಗೂ ಎರಡು ಮಾತಿತ್ತು ಸರ್," ಅಂದ ಹಾಲಿಸ್. "ಈಗ ಒಂದೇ."

ಬೇಲಿಯ ಈಚೆ ಕೇಳಿದ್ದನ್ನು ಹೇಳು ಎಂದು ನನ್ನನ್ನು ಯಾರೂ ಕರೆಯಲಿಲ್ಲ, ನಾನಾಗಿ ಮುಂದೆ ಹೋಗಲೂ ಇಲ್ಲ. ಮೂರನೆಯ ದಿನ ಊಟದ ಹೊತ್ತು ಮೀರಿದ ಮೇಲೆ ಜ್ಯೂರಿ ಹೊರಗೆ ಬಂತು. ಕಂಪನಿಯ ಗೇಟು ಹಾಲಿಸನ ಗೇಟಿನ ನಕಲೇ ಹೌದು ಅಂದರು. ಆದರೆ ಅರ್ಜಿಗಿಂತ ಒಂದು ವರ್ಷಕ್ಕೂ ಹೆಚ್ಚು ಮೊದಲೇ ಊರೆಲ್ಲ ನೋಡುವಂತೆ ಬಳಸಿದ ಗೇಟು ಅದು, ಆದ್ದರಿಂದ ಪೇಟೆಂಟು ಊರ್ಜಿತವಲ್ಲ. ಅಂದರೆ ಗೇಟು ಮಾಡಿದವನು ಹಾಲಿಸ್, ಆದರೆ ಗೇಟು ಯಾರದೂ ಅಲ್ಲ. ಮೊನ್ನೆ ಕುತ್ತಿಗೆ ಚಾಚಿದ್ದ ಆ ಹೆಂಗಸು ತೀರ್ಪು ಓದುವಾಗ ಕೈಚೀಲದ ಹಿಡಿಯನ್ನೇ ನೋಡುತ್ತಿದ್ದಳು. ಮೇಲಿನ ಕೋರ್ಟಿಗೆ ಹೋಗಬಹುದೆಂದು ಕೊರಿನ್ ಹೇಳಿದಳು. "ಅಲ್ಲೂ ರಾಯ್ಸ್ ಹೇಳಿದ್ದನ್ನೇ ತಾನೆ ಓದೋದು?" ಅಂದ ಹಾಲಿಸ್.

ಹೊರಗೆ ಮೆಟ್ಟಿಲ ಮೇಲೆ ರಾಯ್ಸ್ ನಿಂತಿದ್ದ. ಹ್ಯಾಟನ್ನು ಹಿಂಡಿ ಹಿಂಡಿ ಒರೆಸುವ ಬಟ್ಟೆ ಮಾಡಿದ್ದ.

"ಹಾಲಿಸ್, ಒಂದ್ನಿಮಿಷ ಕೇಳೋ. ಲಮಾರ್ ಮೊದ್ಲೇ ಹೇಳ್‌ಬಿಟ್ಟಿದ್ದ. ನಾನು ಅಲ್ಲ ಅಂದಿದ್ರೆ ಅವನು ಚರ್ಚಲ್ಲಿ ಮುಖ ತೋರ್ಸೋದು ಹೇಗೆ? ಮೇಜಿನೋರೆಲ್ಲ ಸುಳ್ಳರಾಗ್ತಿದ್ರು."

ಹಾಲಿಸ್ ನಿಂತ. ತಿರುಗಲಿಲ್ಲ.

"ಮತ್ತೆ, ಆಣೆ ಮಾಡಿ ಹೇಳ್ತೀನಿ, ಅವ್ರು ನನ್ನ ನಂಬ್ತಾರೆ ಅಂತ ಅನ್ಕೊಂಡೇ ಇರ್ಲಿಲ್ಲ ಕಣೋ. ಯಾರು ನಂಬಿದಾರೆ ನನ್ನ? ಇಷ್ಟು ವರ್ಷದಲ್ಲಿ ಒಬ್ಬನಾದ್ರೂ?"

"ಹುಷಾರು," ಎಂದು ನೆಲ್ಡಾಳ ಮೊಣಕೈ ಹಿಡಿದು ಹಾಲಿಸ್ ಮೆಟ್ಟಿಲಿಳಿದ. ಮೆಟ್ಟಿಲು ಸವೆದು ಜಾರುತ್ತಿದ್ದವು. ಅವನು ಹೇಳಿದ್ದು ಹೆಂಡತಿಗೆ. ರಾಯ್ಸ್ ಮಾತ್ರ ತನಗೇ ಹೇಳಿದ್ದೆಂದುಕೊಂಡು, "ಆಯ್ತು ಕಣೋ, ಆಯ್ತು," ಅನ್ನುತ್ತ ಒಬ್ಬನೇ ಅಲ್ಲಿ ನಿಂತಿದ್ದ.

ಆಮೇಲೆ ಫ್ರೀಡಾಳ ಮೇಜಿನಲ್ಲಿ ಹಂದಿಯ ಕಥೆ ನಿಂತಿತು. ಬೇರೆ ಕಥೆಗಳೂ ಸೊರಗಿದವು. ರಾಯ್ಸ್ ಮೀನನ್ನು ಮೊಳಕ್ಕಿಂತ ಉದ್ದ ಮಾಡುವುದಿಲ್ಲ, ಮಾಡಿದರೂ ಯಾರೂ ಸುಳ್ಳು ಬಿಡಬೇಡ ಅನ್ನುವುದಿಲ್ಲ. ಆ ಮಾತು ಅವನ ಮುಂದೆ ಬಾಯಿಗೆ ಬಂದು ವಾಪಸು ಹೋಗುತ್ತದೆ.

ಹಾಲಿಸ್ ಷಾಪನ್ನು ಮುಚ್ಚಲಿಲ್ಲ. ಟ್ರೇಲರು, ನೇಗಿಲು, ಬಾರ್ಬೆಕ್ಯೂ ಒಲೆ, ಯಾವುದು ತಂದರೂ ಮಾಡಿಕೊಡುತ್ತಾನೆ. ಗೇಟು ಮಾಡು ಅಂದರೆ ಅಂಗಡಿಯಲ್ಲಿ ಹಸಿರುದು ಸಿಗುತ್ತದೆ, ಕೊಂಡುಕೋ ಅನ್ನುತ್ತಾನೆ. ಚರ್ಚಿನಲ್ಲಿ ಅವನ ಅಪ್ಪ, ಅಜ್ಜ ಕೂತ ಬೆಂಚಿತ್ತು, ಅದರ ಮುಂದಿನದು ರಾಯ್ಸನದು, ಅದರ ಮುಂದಿನದು ಲಮಾರನದು. ತೀರ್ಪಿನ ನಂತರದ ಭಾನುವಾರದಿಂದಲೇ ಅವನು ನೆಲ್ಡಾಳನ್ನು ಕೂರಿಸಿಕೊಂಡು ಪಕ್ಕದ ಕೌಂಟಿಯ ಬೇರೆ ಪಂಥದ ಮೆಥಡಿಸ್ಟರ ಚರ್ಚಿಗೆ ಹೋಗತೊಡಗಿದ. ನಮ್ಮೂರಲ್ಲಿ ಬ್ಯಾಪ್ಟಿಸ್ಟನಾಗಿ ಹುಟ್ಟಿದವನು ಮೆಥಡಿಸ್ಟನಾಗುವುದಕ್ಕಿಂತ ಸಾಯುವುದನ್ನು ಜನ ಬೇಗ ಕ್ಷಮಿಸುತ್ತಾರೆ.

ಒಂದು ದಿನ ಪೆಟ್ರೋಲ್ ಬಂಕಿನಲ್ಲಿ ಸಿಕ್ಕ. "ಹೇಗಿದೆಯೋ ಆ ಚರ್ಚು?" ಅಂದೆ. "ಅವ್ರು ದೀಕ್ಷಾಸ್ನಾನಕ್ಕೆ ನಮ್ಮ ಹಾಗೆ ನೀರಲ್ಲಿ ಮುಳುಗ್ಸಲ್ವಂತೆ, ನಾಲ್ಕು ಹನಿ ಚಿಮುಕಿಸಿ ಬಿಡ್ತಾರಂತೆ. ಅಷ್ಟಕ್ಕೆ ನಿನ್ನ ಪಾಪ ತೊಳೆಯುತ್ತೇನೋ?"

ಅವನು ನಗಲಿಲ್ಲ. ಪಂಪಿನ ಅಂಕಿ ತಿರುಗುವುದನ್ನು ನೋಡುತ್ತ ನಿಂತಿದ್ದ.

"ಹಾಡು ಸುಮಾರು," ಅಂದ. "ಊಟಾನೂ ಸುಮಾರು. ನಾನು ಯಾರು ಅಂತ ಅಲ್ಲಿ ಒಬ್ರಿಗೂ ಗೊತ್ತಿಲ್ಲ. ಯಾರೂ ಗೊತ್ತಾಗೋಷ್ಟು ಹತ್ರ ಬರದೇ ಇದ್ರೆ ಸಾಕು."